ನೀರು ಇಂಗದ ನೆಲ

2024ರ ಫೆಬ್ರುವರಿ 13, ಮಂಗಳವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಗಜೇಂದ್ರಗಡದ ನೇಕಾರರ ಓಣಿಯ ಹಿಂದಿನ ಬಯಲಿಗೆ ನೀಲಾ ಬಂದಳು. ಬಯಲು ಖಾಲಿಯಾಗಿತ್ತು. ದಿನಾ ಇಷ್ಟೊತ್ತಿಗೆ ಗೂಟದಿಂದ ಗೂಟಕ್ಕೆ ಬಿಗಿದು ಗಂಜಿ ಸವರಿದ ಸೀರೆಯ ನೂಲು ಹನ್ನೊಂದು ಸಾಲಾಗಿ ಎಳೆಬಿಸಿಲಿಗೆ ಒಣಗುತ್ತಿರುತ್ತಿತ್ತು. ಇವತ್ತು ಒಂದು ಗೂಟವೂ ಇರಲಿಲ್ಲ. ಯಾರೋ ಕಸ ಗುಡಿಸಿ, ನೀರು ಚಿಮುಕಿಸಿ, ದಾರಿಯ ಬಾಯಿಗೆ ರಂಗೋಲಿ ಹಾಕಿದ್ದರು. ರಂಗೋಲಿಯ ಪಕ್ಕದಲ್ಲಿ ಖಾಲಿ ಕೊಡ ಹಿಡಿದು ಅವಳ ತಾಯಿ ಸುಶೀಲವ್ವ ನಿಂತಿದ್ದಳು.

"ಅವ್ವಾ, ನೂಲೆಲ್ಲಾ ಎಲ್ಲಿ?"

"ತಗಸೇನಿ. ಸಾಹೇಬ್ರು ಬರ್ತಾರಂತ ನೀನ ಹೇಳಿದ್ಯಲ್ಲ? ಅಷ್ಟು ದೊಡ್ಡ ಮನಶ್ಯಾ ಬಂದಾಗ ಗಂಜಿ ಸೋರೋ ನೂಲಿನ ಕೆಳಗ ನುಸುಳ್ಕೋತ ಬರ್ಬೇಕೇನು? ಓಣಿಯವ್ರೆಲ್ಲಾ ಕೂಡಿ ಚೊಕ್ಕ ಮಾಡೇವಿ. ಹ್ಯಾಂಗ ಕಾಣ್ತದ?"

ನೀಲಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳಿಂದ ಕರೆಂಟು ಒಯ್ಯುವ ದೊಡ್ಡ ತಂತಿಯ ಏಳನೆಯ ಟವರ್ ಈ ಬಯಲಿನ ನಟ್ಟನಡುವೆ ಬರುವುದಿತ್ತು. ಕಂಪನಿಯ ನಕ್ಷೆ ಇದನ್ನು 'ಉಪಯೋಗದಲ್ಲಿಲ್ಲದ ಖಾಲಿ ಜಾಗ' ಎಂದಿತ್ತು. ಬಯಲು ಸರಕಾರದ್ದು, ಪಹಣಿ ಉತಾರದಲ್ಲಿ ನೇಕಾರರ ಹೆಸರಿಲ್ಲ. ಅದು ಕೈತಪ್ಪಿದರೆ ಹನ್ನೊಂದು ಮನೆಯ ಮಗ್ಗಗಳಿಗೆ ಅಷ್ಟುದ್ದ ನೂಲು ಬಿಗಿಯಲು ಹತ್ತಿರದಲ್ಲಿ ಬೇರೆ ಜಾಗವಿಲ್ಲ. ರೋಣದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನೀಲಾ ನಿಯಮಗಳನ್ನೆಲ್ಲ ಓದಿ, ಒಂಬತ್ತು ಪುಟದ ತಕರಾರು ಅರ್ಜಿ ಬರೆದು, ನಾಲ್ಕು ತಿಂಗಳು ಅಲೆದು, ವಿಚಾರಣೆಯ ಅಧಿಕಾರಿ ಖುದ್ದಾಗಿ ಬಂದು ನೋಡುವಂತೆ ಮಾಡಿದ್ದಳು. ಒಂಬತ್ತು ಪುಟದ ಸಾರ ಒಂದೇ ಮಾತು: ಈ ಜಾಗ ಎಂದೂ ಖಾಲಿ ಬಿದ್ದದ್ದಿಲ್ಲ.

"ಲಗೂನ ಗೂಟಾ ತರಸವ್ವಾ" ಎನ್ನುವಷ್ಟರಲ್ಲಿ ಜೀಪು ಬಂದು ನಿಂತಿತು.

ಅಧಿಕಾರಿ ಗೋಪಾಲಕೃಷ್ಣ ರಂಗೋಲಿ ತುಳಿಯದಂತೆ ಸುತ್ತಿ ಬಂದರು. ನಕ್ಷೆ ನೋಡಿದರು, ಬಯಲು ನೋಡಿದರು. "ಮೇಡಂ, ಕಾಗದದಾಗೂ ಖಾಲಿ, ಕಣ್ಣಿಗೂ ಖಾಲಿ. ನಾ ಏನಂತ ಬರೀಲ್ರಿ?"

"ಸರ್, ನೀವು ಬರ್ತೀರಂತ ತಗದಾರ್ರಿ. ಗೌರವಕ್ಕ."

"ಬ್ಯಾರೆ ಕಡೆ ನಾ ಬರೋ ಮುಂದ ಖಾಲಿ ಜಾಗಾ ತುಂಬಿಸಿಡ್ತಾರ. ತುಂಬಿದ್ದನ್ನ ಖಾಲಿ ಮಾಡಿದವ್ರನ್ನ ಇವತ್ತ ನೋಡಿದೆ." ಅವರ ದನಿಯಲ್ಲಿ ಕುಹಕವಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಪೆನ್ನಿನ ಟೋಪಿ ಹಾಕಿ ಜೀಪಿನ ಕಡೆ ತಿರುಗಿದರು. ಮೂರನೆಯ ಹೆಜ್ಜೆಗೆ ಅವರ ಬೂಟು ಪಚಕ್ಕೆಂದಿತು. ಒರೆಸಿಕೊಂಡು ಹೋಗಿಬಿಡಬಹುದಿತ್ತು. ಹೋಗಲಿಲ್ಲ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು.

"ಇಲ್ಲಷ್ಟ ನೀರು ಯಾಕ ಇಂಗಿಲ್ಲ?"

ನೀಲಾ ಬಗ್ಗಿ ನೋಡಿದಳು. ಸುತ್ತಲಿನ ಕೆಂಪು ಮಣ್ಣು ಸುಶೀಲವ್ವನ ನೀರನ್ನು ಆಗಲೇ ಹೀರಿ ಮಂಕಾಗಿತ್ತು. ಆದರೆ ಅಧಿಕಾರಿಯ ಕಾಲ ಬುಡದಿಂದ ಬಯಲಿನ ಆಚೆ ತುದಿಯವರೆಗೆ, ಎರಡು ಮೊಳ ಅಗಲದ ಒಂದು ಪಟ್ಟಿಯಲ್ಲಿ ಮಾತ್ರ ನೀರು ಹಾಗೆಯೇ ನಿಂತು ಬಿಸಿಲಿಗೆ ಮಿಂಚುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ಹುಟ್ಟಿದಾಗಿನಿಂದ ಇದೇ ಬಯಲಿನಲ್ಲಿ ಆಡಿ ಬೆಳೆದವಳಿಗೆ ಇದು ಕಂಡೇ ಇರಲಿಲ್ಲ. ಮಳೆ ಬಂದರೆ ಬಯಲೆಲ್ಲ ಒಂದೇ ಕೆಸರು; ಉಳಿದಂತೆ ದಿನಾ ಬೆಳಿಗ್ಗೆ ನೂಲು ಬಿಗಿದಿರುತ್ತಿದ್ದ ನೆಲಕ್ಕೆ ಯಾರು ನೀರು ಹಾಕುತ್ತಾರೆ?

ಉತ್ತರ ಕೊಟ್ಟವಳು ಸುಶೀಲವ್ವ. "ಹ್ಯಾಂಗ ಇಂಗತದ್ರೀ ಸಾಹೇಬ್ರ? ಮೂರು ತಲಿಯಿಂದ ನೂಲಿನ ಗಂಜಿ ಅಲ್ಲೇ ಸೋರ್ಕೋತ ಬಂದದ. ಗಂಜಿ ಕುಡದು ಕುಡದು ಅದಕ್ಕ ಹೊಟ್ಟಿ ತುಂಬೇದ. ಇನ್ನ ಬರೇ ನೀರು ಕೊಟ್ರ ಲಗೂ ಕುಡೀತದೇನು?"

ಗೋಪಾಲಕೃಷ್ಣ ಜೋರಾಗಿ ನಕ್ಕರು. ಗಂಜಿಯ ಪಿಷ್ಟ ಮಣ್ಣಿನ ಸಣ್ಣ ರಂಧ್ರಗಳನ್ನು ಕಟ್ಟಿರಬೇಕು ಎಂದು ನೀಲಾ ವಿವರಿಸಹೊರಟಾಗ ಕೈಯೆತ್ತಿ ತಡೆದರು. "ತಾಯಿಯವ್ರು ಹೇಳಿದ್ದು ಸಾಕ್ರಿ ಮೇಡಂ. ಏ ಬಾಬುಸಾಬ, ಟೇಪ್ ತಗೊಂಬಾ!" ಜೀಪಿನ ಚಾಲಕ ಬಾಬುಸಾಬ ಟೇಪಿನ ಆಚೆ ತುದಿ ಹಿಡಿದ. ನೀರು ಆರುವುದರೊಳಗೆ ಪಟ್ಟಿಗಳನ್ನೆಲ್ಲ ಅಳೆದು ಮುಗಿಸಿದರು. ಅಧಿಕಾರಿಯ ಪುಸ್ತಕದಲ್ಲಿ ಒಂದೇ ಸಾಲು: 'ನೀರು ಇಂಗದ ಪಟ್ಟಿ ಹನ್ನೊಂದು, ಒಂದೊಂದರ ಉದ್ದ ಮೂವತ್ತೆಂಟು ಮೀಟರ್.' ತನ್ನ ಒಂಬತ್ತು ಪುಟ ಹೇಳಲಾಗದ್ದನ್ನು ಆ ಒಂದು ಸಾಲು ಹೇಳಿದೆ ಎನಿಸಿತು ನೀಲಾಗೆ.

ಐದು ವಾರದ ಮೇಲೆ ಆದೇಶ ಬಂತು. ಏಳನೆಯ ಟವರ್ ಅರವತ್ತೆರಡು ಮೀಟರ್ ಪೂರ್ವಕ್ಕೆ, ಕಲ್ಲುಗುಡ್ಡದ ಇಳಿಜಾರಿಗೆ ಸರಿದಿತ್ತು. ನೀಲಾ ಬಯಲಿನಲ್ಲೇ ನಿಂತು ಓದಿ ಹೇಳಿದಳು. ನೂಲಿಗೆ ಗಂಜಿ ಸವರುತ್ತಿದ್ದ ಸುಶೀಲವ್ವ ಕೈ ಒರೆಸಿಕೊಂಡಳು.

"ಬೂಟಿಗೆ ರಾಡಿ ಹತ್ತಿದ್ರೂ ಬೈಲಿಲ್ಲ ನೋಡು, ಪುಣ್ಯಾತ್ಮಾ. ಅವರ ಮನಿಯವ್ರಿಗೆ ಒಂದು ಸೀರಿ ಕಳಸೋಣೇನ?"

"ಬ್ಯಾಡವ್ವಾ. ಅದು ಲಂಚ ಆಗತದ."

"ಹಂಗಾದ್ರ ಇದಕ್ಕರೆ ಕೊಡಬಹುದಿಲ್ಲೋ?" ಎಂದವಳೇ ಸುಶೀಲವ್ವ, ಕುಡಿಯಲು ತಂದಿದ್ದ ತಂಬಿಗೆ ನೀರನ್ನು ನೂಲಿನ ಕೆಳಗಿನ ನೆಲಕ್ಕೆ ನಿಧಾನವಾಗಿ ಸುರಿದಳು. ನೀರು ನಿಂತಲ್ಲೇ ನಿಂತಿತು. ನೀಲಾ ಮನೆಯ ಕಡೆ ಹೆಜ್ಜೆ ಹಾಕಿದಾಗ ತಾಯಿ ತೋಳು ಹಿಡಿದು ನಿಲ್ಲಿಸಿದಳು.

"ತಡಿಯವಾ. ಕುಡದು ಮುಗಸಲಿ."

ತಾಯಿ ಮಗಳು ಕಾದು ನಿಂತರು. ನೀಲಾ ರೂಢಿಯಂತೆ ಗಡಿಯಾರ ನೋಡಿಕೊಂಡಳು. ತಂಬಿಗೆ ನೀರು ಇಂಗಲು ಇಪ್ಪತ್ತಾರು ನಿಮಿಷ ಹಿಡಿಯಿತು.