ಅಕ್ಕೋರ ಹೆಸರಿನ ಡಬ್ಬಿ

ಸಮುದ್ರ ಊರೊಳಗೆ ಬಂದು ಕೂತಮೇಲೆ ಜನ ವನಮಾಲಾ ಶಾನಭಾಗರ ಒಗಟಿನ ಪುಸ್ತಕಗಳನ್ನು ದೋಣಿಯಲ್ಲೇ ಓದುತ್ತಿದ್ದರು. ಒಗಟು ಬಿಡಿಸಿ ಜಾಗ ಪತ್ತೆಹಚ್ಚಿದವರಿಗೆ ಅವರು ಅಲ್ಲಿ ಅಡಗಿಸಿಟ್ಟ ನಿಧಿ ಸಿಗುತ್ತಿತ್ತು: ತಾರಸಿಯ ಮೇಲೆ ಬಿತ್ತಲು ಒಂದು ಹಿಡಿ ಬೀಜ. ಐದನೇ ಪುಸ್ತಕದ ನಿಧಿ ಸಿಕ್ಕಿತೆಂದು ಮಾತ್ರ ಆರು ವರ್ಷವಾದರೂ ಯಾರೂ ಬಂದು ಹೇಳಲಿಲ್ಲ. ಬೀಜಕ್ಕೆ ಹುಳು ಹಿಡಿದಿರಬೇಕು, ಹೊಸದಿಟ್ಟು ಬರೋಣವೆಂದು ವನಮಾಲಾ ಬಸಳೆ ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಅಂಬಿಗ ಥಾಕುವಿನ ದೋಣಿ ಹತ್ತಿದರು.

ಮುಳುಗಿದ ಶಾಲೆಯ, ನೀರಿನ ಮೇಲುಳಿದ ಹೆಂಚಿನ ಮಾಡಿನ ಕೆಳಗೆ ಡಬ್ಬಿ ಇಟ್ಟಲ್ಲೇ ಇತ್ತು. ಅಂದು ಅವಸರದಲ್ಲಿ ಅಡುಗೆಮನೆಯ ಸ್ಟೀಲ್ ಡಬ್ಬಿಯನ್ನೇ ತಂದಿಟ್ಟಿದ್ದರು. ಮುಚ್ಚಳದ ಮೇಲೆ ಅವರ ಹೆಸರು ಕೆತ್ತಿತ್ತು. ತೆರೆದರೆ ಒಳಗೆ ಅವರಿಟ್ಟ ಹರಿವೆ ಬೀಜವಿಲ್ಲ! ಬೆಂಡೆ, ಹೀರೆ, ಮೊಗೆಕಾಯಿ ಬೀಜದ ಪೊಟ್ಟಣಗಳು ಬಾಯಿತನಕ ತುಂಬಿದ್ದವು.

"ಸಿಕ್ಕಿದವರು ಯಾಕೆ ಹೇಳಲಿಲ್ಲ?" ಎಂದು ರೇಗಿದರು.

ಥಾಕು ತಲೆ ಕೆರೆದುಕೊಂಡ. "ಮೊದಲು ಸಿಕ್ಕಿದ್ದು ನಂಗೇ, ಅಕ್ಕೋರೇ. ಹರಿವೆ ಬೀಜ ತಗೊಂಡೆ. ಮುಚ್ಚಳದ ಮೇಲೆ ನಿಮ್ಮ ಹೆಸರಿತ್ತು. ಒಬ್ಬರ ಮನೆ ಡಬ್ಬಿ ಖಾಲಿ ಇಡೂಕೆ ಆಗ್ತದಾ? ನನ್ನ ಬೆಂಡೆ ಬೀಜ ಹಾಕಿಟ್ಟೆ. ಆಮೇಲೆ ಬಂದವರೂ ಹಾಂಗೇ ಮಾಡಿದ್ರು. ಹೇಳಿದ್ರೆ ಹುಡುಕಾಟವೇ ಮುಗೀತದಲ್ಲ!"

ವನಮಾಲಾ ಮೊಗೆಕಾಯಿ ಬೀಜದ ಪೊಟ್ಟಣವೊಂದನ್ನು ಎತ್ತಿಕೊಂಡರು. ಸೆರಗಿನ ಗಂಟು ಬಿಚ್ಚಿ, ಬಸಳೆ ಬೀಜ ಸುರಿದು, ಮುಚ್ಚಳ ಒತ್ತಿದರು.

"ನಂಗೆ ಸಿಕ್ಕಿದ್ದು ಯಾರಿಗೂ ಹೇಳ್ಬೇಡ," ಎಂದರು.