ಸುತ್ತಿಕೊಳ್ಳದ ಹಾಯಿ

ಎಳೆದ ಹಗ್ಗ ಸರ್ರನೆ ಪೂರ್ತಿ ಕೈಗೇ ಬಂತು. ಹಾಯಿ ಮಾತ್ರ ಒಂದು ಸುತ್ತೂ ಸುತ್ತಿಕೊಳ್ಳಲಿಲ್ಲ. ಹೊಸಕೋಟೆ ಕೆರೆಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಅಪ್ಪಯ್ಯಣ್ಣ ಪೆಚ್ಚಾದ. ಹೊತ್ತು ಮುಳುಗುತ್ತಿತ್ತು.

ದೋಣಿ ಬೆಂಗಳೂರು ದಂಡಿನ ದೊರೆಯೊಬ್ಬನದು. ಬರ್ಮಾ ಯುದ್ಧಕ್ಕೆ ಹೊರಟಾಗ ಅವನು ದೋಣಿ ಕಾಯುವ ಅಪ್ಪಯ್ಯಣ್ಣನಿಗೆ, ಪ್ರತಿ ಭಾನುವಾರ ಬೆಳಿಗ್ಗೆ ಮುಂದಿನ ಹಾಯಿ ಬಿಚ್ಚಿ ಒಣಗಿಸು, ಸಂಜೆ ಸುತ್ತಿಡು ಎಂದು ಹೇಳಿದ್ದ. ಅದೇನು ಮಹಾ ಕೆಲಸವಲ್ಲ. ದೋಣಿಯ ಮೂತಿಯಲ್ಲಿ ಒಂದು ಉರುಳೆ. ಅದಕ್ಕೆ ಸುತ್ತಿದ ಹಗ್ಗ ಎಳೆದರೆ ಉರುಳೆ ತಿರುಗಿ, ಹಾಯಿ ಚಾಪೆಯಂತೆ ಸುರುಳಿಯಾಗುತ್ತಿತ್ತು. ಆ ಹಗ್ಗವನ್ನು ಇಲಿ ಕಡಿದಿತ್ತು. ಹೊಸದನ್ನು ಅಪ್ಪಯ್ಯಣ್ಣ ಬಾವಿಯ ರಾಟೆಗೆ ಹಾಕುವಂತೆ, ತುದಿ ಕಟ್ಟದೆ, ಉರುಳೆಯ ಮೇಲಿಂದ ಇಳಿಬಿಟ್ಟಿದ್ದ. ಜನ್ಮವೆಲ್ಲ ನೀರು ಸೇದಿದವನಿಗೆ ಬೇರೇನು ತೋಚೀತು!

ಆಚೆ ದಡದಲ್ಲಿ ಅಕ್ಕ ಸೊಣ್ಣಮ್ಮನ ಮನೆ. ಅವಳು ಮಾತು ಬಿಟ್ಟು ವರ್ಷಗಳಾಗಿದ್ದವು. ಭಾವ ಸತ್ತ ದಿನ ಇವನು ದೊರೆಯ ಜೊತೆ ಕೆರೆಯ ನಡುವೆ ಇದ್ದ. ದಡದಿಂದ ಕೂಗಿದ್ದು ಕೇಳಿಸಲಿಲ್ಲ. ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಮಣ್ಣಿಗೆ ಬರದೋನು ತಮ್ಮನಲ್ಲ" ಎಂದು ಅವಳು ಬಾಗಿಲು ಹಾಕಿಕೊಂಡಳು. ಹೆಂಡತಿ ಮಕ್ಕಳಿಲ್ಲದ ಅಪ್ಪಯ್ಯಣ್ಣನಿಗೆ ಅಂದಿನಿಂದ ತನ್ನವರು ಎನ್ನಲು ಯಾರೂ ಉಳಿಯಲಿಲ್ಲ.

ಕೆರೆಯ ಏರಿಯ ಮೇಲೆ ಯಾರೋ ಓಡಿ ಬರುತ್ತಿದ್ದರು.

"ಲೋ ಅಪ್ಪಯ್ಯಾ! ಬದುಕಿದ್ದೀಯೇನೋ?"

"ಅಕ್ಕಾ... ನೀನಾ?"

ಸೊಣ್ಣಮ್ಮ ಏದುಸಿರು ಬಿಡುತ್ತಾ ನಿಂತಳು. "ಕತ್ತಲಾಗ್ತಾ ಬಂದ್ರೂ ಆ ಬಟ್ಟೆ ಹಾರಾಡ್ತಾನೇ ಐತೆ. ನೀರಿಗ್ ಬಿದ್ದು ಸತ್ತೋದ ಅಂದ್ಕಂಡ್ಬಿಟ್ಟೆ ಕಣೋ."

"ಪ್ರತಿ ಭಾನ್ವಾರ ನೋಡ್ತೀಯಾ?"

"ನೋಡ್ದೆ ಏನ್ಮಾಡ್ಲಿ? ಬೆಳಗ್ಗೆ ಬಿಚ್ಕಂಡ್ರೆ ಬದುಕವ್ನೆ, ಸಂಜೆ ಸುತ್ಕಂಡ್ರೆ ಚೆನ್ನಾಗವ್ನೆ. ನಂಗೆ ಗೊತ್ತಾಗೋದು ಅಷ್ಟೇಯ."

ಅಪ್ಪಯ್ಯಣ್ಣ ಕೈಗೆ ಬಂದಿದ್ದ ಹಗ್ಗ ತೋರಿಸಿದ. ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಅವಳು ಕೈಯಲ್ಲೇ ಉರುಳೆ ತಿರುಗಿಸಿದಳು, ಇವನು ಹಾಯಿಯ ತುದಿ ಹಿಡಿದು ಸಡಿಲ ಬಿಟ್ಟ. ಇಬ್ಬರೂ ಸುತ್ತಿ ಮುಗಿಸಿದರು.

"ಉಂಡ್ಕಂಡು ಹೋಗಕ್ಕ. ಮುದ್ದೆ ಐತೆ, ಉಪ್ಸಾರು ಐತೆ."

"ನಿನ್ ಮನೇಲಿ ನಾನು ಕೈ ತೊಳ್ಯಲ್ಲ" ಎಂದವಳೇ ಸೀರೆಯ ಅಂಚು ಹಿಂಡಿಕೊಂಡು ಏರಿ ಹತ್ತಿದಳು. ತಿರುಗಿ ನೋಡಲಿಲ್ಲ.

ಮರುದಿನ ಅಪ್ಪಯ್ಯಣ್ಣ ಹಗ್ಗದ ತುದಿಯನ್ನು ಉರುಳೆಗೇ ಬಿಗಿದು ಕಟ್ಟಿದ. ಹಾಯಿ ಬಿಚ್ಚಿಕೊಂಡಾಗ ಹಗ್ಗ ತಾನೇ ಉರುಳೆಗೆ ಸುತ್ತಿಕೊಂಡಿತು. ಎಳೆದಾಗ ಹಾಯಿ ಸಲೀಸಾಗಿ ಸುರುಳಿಯಾಯಿತು. ಎರಡು ಸಲ ಮಾಡಿ ನೋಡಿ ಖಾತ್ರಿ ಮಾಡಿಕೊಂಡ.

ಮುಂದಿನ ಭಾನುವಾರ ಹೊತ್ತು ಮುಳುಗಿತು. ಇಬ್ಬರಿಗಾಗುವಷ್ಟು ಮುದ್ದೆ ಕಟ್ಟಿಟ್ಟು, ಅಪ್ಪಯ್ಯಣ್ಣ ಏರಿಯ ಕಡೆ ಮುಖ ಮಾಡಿ ಕೂತ. ಹಾಯಿ ಸುತ್ತಲಿಲ್ಲ.