ಕೈ ಎತ್ತದವರು

ಸಂಖ್ಯಾಶಾಸ್ತ್ರ ಕಲಿಸುವ ಶಿವಯೋಗಿ ಸರ್ ಎಲ್ಲಿ ತನ್ನನ್ನೇ ಕೇಳಿಬಿಡುತ್ತಾರೋ ಎಂಬ ಅಳುಕು ಅಮೀರಾಳಿಗೆ. ಬೆಟಗೇರಿಯ ಆ ಕಾಲೇಜಿನ ಅಧ್ಯಾಪಕರ ಸಭೆಯಲ್ಲಿ ಅರ್ಧ ಗಂಟೆಯಿಂದ ಒಂದೇ ಮಾತು ನಡೆದಿತ್ತು: ಹಿಂದಿನ ಬೆಂಚಿನ ಹುಡುಗಿಯರಿಗೆ ಸಂಖ್ಯಾಶಾಸ್ತ್ರವನ್ನು ಇನ್ನೊಮ್ಮೆ ಹೇಳಿಕೊಡಲು ಶನಿವಾರ ಒಂದು ತಾಸು ಬೇಕೋ ಬೇಡವೋ.

“ಯಾಕ ಬೇಕ್ರಿ?” ಎಂದರು ಶಿವಯೋಗಿ ಸರ್. “ನಾ ಎಲ್ಲಾರನ್ನೂ ಒಂದ ಥರಾ ನೋಡ್ತೇನಿ. ತಿಳೀದವರು ಕೈ ಎತ್ರಿ ಅಂತ ದಿನಾ ಕೇಳ್ತೇನಿ. ಒಬ್ರೂ ಎತ್ತಂಗಿಲ್ಲ. ಅಂದ್ರ ತಿಳದೈತಿ.”

“ಇಲ್ಲಾ ನಿದ್ದಿ ಹತ್ತಿರತೈತಿ,” ಎಂದು ಪ್ರಾಂಶುಪಾಲರು ನಕ್ಕರು.

ಸರ್ ಕೂಡ ನಕ್ಕು, ಗಿರಮಿಟ್ಟಿನ ತಟ್ಟೆಯನ್ನು ಅಮೀರಾಳ ಕಡೆ ಸರಿಸಿದರು. ಹೋದ ತಿಂಗಳು ಅವಳನ್ನು ಇಲ್ಲಿ ಪಾಠ ಮಾಡಲು ಕರೆತಂದವರು ಅವರೇ. “ಬೇಕಾದ್ರ ಈಕೀನ್ನ ಕೇಳ್ರಿ. ನಮ್ಮ ನೇಕಾರ ಖಾಜಾಸಾಬರ ಮಗಳು, ನನ್ನ ಕಡೇನ ಕಲ್ತಾಕಿ. ಮೂರು ವರ್ಷದಾಗ ಒಮ್ಮೆರ ಕೈ ಎತ್ತಿದ್ಯೇನವಾ?” ಅವರ ಕಣ್ಣಲ್ಲಿ ಅಷ್ಟೊಂದು ಹೆಮ್ಮೆಯಿತ್ತು. ಇಲ್ಲ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಶನಿವಾರದ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಎತ್ತಿಲ್ರಿ ಸರ್,” ಎಂದಳು ಅಮೀರಾ. ಆಮೇಲೆ ತಲೆಯೆತ್ತಿ ಮುಂದುವರಿಸಿದಳು. “ಎಲ್ಲಾರ ಮುಂದ ಅಂಜಿಕಿ ಬರ್ತಿತ್ತು. ದಿನಾ ಸಂಜಿಮುಂದ ಗೆಳತಿ ಮನ್ಯಾಗ ಕುಂತು ಮತ್ತೊಮ್ಮೆ ಹೇಳಿಸ್ಕೋತಿದ್ದೆ. ಕ್ಲಾಸಿನಾಗ ನನಗ ಏನೂ ತಿಳೀತಿದ್ದಿಲ್ರಿ.”